ಮುಂದಿನ ಸಾಲಿನ ಕೇಳುಗ

ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿಗಳು ಸಾಮಾನ್ಯವಾಗಿ ಖಾಲಿ ಇರುತ್ತವೆ, ನೀವೂ ಗಮನಿಸಿರಬಹುದು. ಗಣ್ಯರಿಗೆಂದು ಅವನ್ನು ಹಾಕಿರುತ್ತಾರೆ, ಗಣ್ಯರು ವೇದಿಕೆ ಏರಿರುತ್ತಾರೆ, ಉಳಿದ ಸಾಮಾನ್ಯರು ಬಾಗಿಲಿನ ಹತ್ತಿರ, ಬೇಸರವಾದೊಡನೆ ಸದ್ದಿಲ್ಲದೆ ಎದ್ದುಹೋಗಲು ಅನುಕೂಲವಾದ ಜಾಗ ಹಿಡಿದಿರುತ್ತಾರೆ. ಒಳ್ಳೆಯ ಭಾಷಣಕಾರರಿಗೆ ಈ ಖಾಲಿ ಸಾಲು ಅವಮಾನವೆನಿಸಬಹುದು. ನನಗೆ ಮಾತ್ರ ಅದೊಂದು ನೆಮ್ಮದಿ. ಜನರಿಗೂ ನನಗೂ ನಡುವೆ ಅಷ್ಟಾದರೂ ಅಂತರವಿದೆಯಲ್ಲ!

ಬೆಳೆಗೆ ಬೀಳುವ ಹುಳುಗಳ ಬಗ್ಗೆ ರೈತರಿಗೆ ತಿಳಿಸಿ ಹೇಳುವುದು ನನ್ನ ನೌಕರಿ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳು ನನ್ನ ಸಂಚಾರಕ್ಷೇತ್ರ. ಗೋವಿನಜೋಳದ ಸುಳಿಯೊಳಗೆ ಅಡಗಿ ಕೂರುವ ಹುಳುವಿನ ಜನ್ಮವೃತ್ತಾಂತವನ್ನು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಎದುರಿಗೆ ನಾಲ್ಕು ಜನ ಕುಳಿತರೆ ನನ್ನ ಹೆಸರೇ ನನಗೆ ಮರೆಯುತ್ತದೆ. ಒಮ್ಮೆ ರೈತಬಾಂಧವರನ್ನು ಸ್ವಾಗತಿಸಲು ಹೋಗಿ ‘ಎಲ್ಲ ಹುಳುಗಳಿಗೂ ಹೃತ್ಪೂರ್ವಕ ಸ್ವಾಗತ’ ಎಂದಿದ್ದೆ. ರೈತರು ದೊಡ್ಡ ಮನಸ್ಸಿನವರು, ಚಪ್ಪಾಳೆ ತಟ್ಟಿದರು. ಕಚೇರಿಯಲ್ಲಿ ನನ್ನನ್ನು ಮಿತಭಾಷಿ ಎಂದು ಕರೆಯುತ್ತಿದ್ದರು. ನಿಜವಾಗಿ ನಾನು ಭೀತಭಾಷಿ.

ಅವರನ್ನು ಮೊದಲ ಸಲ ಕಂಡದ್ದು ಶಿಗ್ಗಾಂವಿ ತಾಲೂಕಿನ ಹುಲಗೂರಿನಲ್ಲಿ, ಒಂದು ಮಧ್ಯಾಹ್ನ. ಮೈಕಿನ ಮುಂದೆ ನಿಂತು, ಎಂದಿನಂತೆ ಮುಂದಿನ ಸಾಲಿನತ್ತ ಶೂನ್ಯದೃಷ್ಟಿ ನೆಟ್ಟು ಧೈರ್ಯ ಕೂಡಿಸಿಕೊಳ್ಳುತ್ತಿದ್ದೆ. ಆ ಶೂನ್ಯದ ನಟ್ಟನಡುವೆ ಒಬ್ಬರು ಕುಳಿತಿದ್ದರು. ಬಿಳಿಯ ಗಡ್ಡ, ಬಿಳಿಯ ಜುಬ್ಬಾ, ಮಂಡಿಗಳ ಮೇಲೆ ಎರಡು ಕೈ. ರೆಪ್ಪೆ ಬಡಿಯದ ದೃಷ್ಟಿ. ಆ ದೃಷ್ಟಿ ನನ್ನ ಕಣ್ಣಿನ ಮೇಲಿರಲಿಲ್ಲ, ತುಸು ಕೆಳಗೆ ಎಲ್ಲೋ ನೆಟ್ಟಿತ್ತು. ಅವರ ತುಟಿಗಳು ಮೆಲ್ಲಗೆ ಅಲುಗುತ್ತಿದ್ದವು. ನಾನಿನ್ನೂ ಒಂದು ಮಾತೂ ಆಡಿರಲಿಲ್ಲ.

ಹೇಗೋ ಹತ್ತು ನಿಮಿಷ ತೊದಲಿ, ಕುಳಿತು, ನೀರು ಕುಡಿದು ತಲೆಯೆತ್ತಿದರೆ ಆ ಕುರ್ಚಿ ಖಾಲಿ.

ಹದಿನೈದು ದಿನಗಳ ಮೇಲೆ ಸವಣೂರಿನ ಸಭೆ. ಬೇರೆ ಊರು, ಬೇರೆ ಭವನ, ಬೇರೆ ಜನ. ಮುಂದಿನ ಸಾಲಿನ ನಡುವೆ ಅದೇ ಗಡ್ಡ, ಅದೇ ಜುಬ್ಬಾ. ನಾನು ಬಾಯಿ ತೆರೆಯುವ ಮೊದಲೇ ಅವರ ತುಟಿ ಅಲುಗಿದವು. ಮಾತು ಮುಗಿಸಿ ಕುಳಿತು ನೋಡಿದರೆ ಮತ್ತೆ ಖಾಲಿ ಕುರ್ಚಿ. ಹಿಂತಿರುಗುವಾಗ ಜೀಪಿನ ಚಾಲಕ ಬಸವಣ್ಣೆಪ್ಪನನ್ನು ಕೇಳಿದೆ:

“ಮುಂದ ಕುಂತಿದ್ರಲ್ಲಾ ಅಜ್ಜಾರು, ಯಾರವರು?”

“ಯಾವ ಅಜ್ಜಾರ್ರಿ ಸಾಹೇಬ್ರ? ಮುಂದಿನ ಸಾಲಿನ್ಯಾಗ ಯಾರೂ ಇರಲಿಲ್ಲಲ್ಲರಿ,” ಎಂದವನು ಗಾಡಿಯನ್ನು ಬದಿಗೆ ನಿಲ್ಲಿಸಿ ಮೊಬೈಲು ತೆಗೆದ. “ನೋಡ್ರಿ, ಫೋಟೋ ಹೊಡದೇನಿ.”

ಫೋಟೋದಲ್ಲಿ ವೇದಿಕೆ ಇತ್ತು, ಹಾರಗಳಿದ್ದವು, ಒಂದು ಸಾಲು ಖಾಲಿ ಕುರ್ಚಿಗಳಿದ್ದವು. ಅವರಿರಲಿಲ್ಲ.

ನಾನು ವಿಜ್ಞಾನ ಓದಿದವನು, ದೆವ್ವಗಳನ್ನು ನಂಬುವುದಿಲ್ಲ. ಆದರೆ ನಂಬದಿರುವುದಕ್ಕೂ ಹೆದರದಿರುವುದಕ್ಕೂ ಏನೇನೂ ಸಂಬಂಧವಿಲ್ಲವೆಂಬುದು ಅಂದು ತಿಳಿಯಿತು. ಮನೆಯಲ್ಲಿ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯಲ್ಲಿ ನನ್ನ ತುಟಿಗಳನ್ನೇ ಸಂಶಯದಿಂದ ನೋಡುವಂತಾಯಿತು. ನಾನು ಆಡಲಿರುವ ಮಾತು ನನಗಿಂತ ಮೊದಲು ಆ ಮನುಷ್ಯನಿಗೆ ಗೊತ್ತಿದ್ದರೆ, ಆಡುವವನು ಯಾರು?

ಹಿರೇಕೆರೂರಿನಲ್ಲಿ ಅದು ವಿಕೋಪಕ್ಕೆ ಹೋಯಿತು. ಅಂದಿನ ವಿಷಯ ಮುಖ್ಯವಾದದ್ದು: ನಮ್ಮ ಕಡೆ ‘ಎಣ್ಣಿ’ ಎನ್ನುವ ಕೀಟನಾಶಕವನ್ನು ಮೈಗೆ ಅಪಾಯವಾಗದಂತೆ ಹೊಡೆಯುವುದು ಹೇಗೆ ಎಂಬುದು. ಹುಳುವಿನ ಭಾಗ ಮುಗಿಸಿ ಅಲ್ಲಿಗೆ ಬರುವಷ್ಟರಲ್ಲಿ, ಅವರು ಕುರ್ಚಿಯಿಂದ ತುಸು ಮುಂದಕ್ಕೆ ಬಾಗಿದರು. ಅವರ ತುಟಿಗಳು ನನ್ನ ತುಟಿಗಳೊಡನೆ ಅಕ್ಷರಕ್ಕೆ ಅಕ್ಷರ ಕೂಡಿ ಚಲಿಸುತ್ತಿದ್ದವು. ನಾನು ನಿಂತೆ, ಅವೂ ನಿಂತವು. ಬೆನ್ನಹುರಿಯಲ್ಲಿ ತಣ್ಣೀರು ಇಳಿದಂತಾಯಿತು. ‘ನಮಸ್ಕಾರ’ ಎಂದವನೇ ಪಕ್ಕದ ಬಾಗಿಲಿನಿಂದ ಹೊರಗೆ ಬಂದು, ಜೀಪಿನಲ್ಲಿ ಕುಳಿತುಬಿಟ್ಟೆ.

ಒಂದು ವಾರದ ನಂತರ ಸುದ್ದಿ ಬಂತು. ಅಲ್ಲಿಯ ಒಬ್ಬ ತರುಣ ರೈತ ಗಾಳಿಗೆ ಎದುರಾಗಿ ನಿಂತು ಎಣ್ಣಿ ಹೊಡೆದು, ಹೊಲದಲ್ಲೇ ಬಿದ್ದು, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡಿದ್ದ. ನೋಡಲು ಹೋದೆ. ಮಂಚದ ಮೇಲಿಂದಲೇ ಕೈ ಮುಗಿದು, “ನಿಮ್ಮ ಮೀಟಿಂಗಿಗೆ ನಾನೂ ಬಂದಿದ್ನಿರಿ ಸಾಹೇಬ್ರ,” ಎಂದ. ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅಂದೇ ಕುಳಿತು, ನನಗೆ ಕಚೇರಿಯೊಳಗಿನ ಕೆಲಸ ಕೊಡಿ ಎಂದು ಅರ್ಜಿ ಬರೆದೆ. ಆ ಅರ್ಜಿಯನ್ನು ಕೊನೆಗೂ ಕೊಡಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಾರಣ ಅಕ್ಕಿಆಲೂರು.

ಹಾನಗಲ್ ತಾಲೂಕಿನ ಆ ಊರಿನಲ್ಲಿ ನನ್ನ ಕೊನೆಯ ಸಭೆ ಎಂದುಕೊಂಡು ಹೊರಟವನು, ಕೊನೆಯದಾದರೂ ಸರಿಯಾಗಲಿ ಎಂದು ಎರಡು ತಾಸು ಮೊದಲೇ ಹೋದೆ. ಭವನದ ಮುಂದೆ ಒಂದು ಟೆಂಪೋ ನಿಂತಿತ್ತು. ಅದರಿಂದ ಪ್ಲಾಸ್ಟಿಕ್ ಕುರ್ಚಿಗಳ ಅಟ್ಟಿಯನ್ನು ಇಳಿಸುತ್ತಿದ್ದವರು, ಬೆನ್ನು ನನ್ನ ಕಡೆ ಇದ್ದರೂ, ಅವರೇ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟೆ. ಆದರೆ ಜುಬ್ಬಾದ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ದೆವ್ವ ಬೆವರುತ್ತದೆಂದು ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

“ಅಜ್ಜಾರ,” ಎಂದೆ. ಇನ್ನೂ ಜೋರಾಗಿ ಕರೆದೆ. ತಿರುಗಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿಬಿದ್ದು ತಿರುಗಿದರು; ತಿರುಗಿದವರ ದೃಷ್ಟಿ ನೇರವಾಗಿ ನನ್ನ ಬಾಯಿಯ ಮೇಲೆ ಬಂದು ನಿಂತಿತು.

ಟೆಂಪೋದ ಆಚೆಯಿಂದ ನಲವತ್ತರ ಹೆಂಗಸೊಬ್ಬರು ಬಂದರು. “ಅಬ್ಬಾಗ ಕಿವಿ ಕೇಳಂಗಿಲ್ರಿ ಸರ್. ನಾ ಅವರ ಮಗಳರಿ, ಜುಬೇದಾ. ಸವಣೂರಾಗ ನಮ್ಮದು ಮೊದಲ ಮೈಕಸೆಟ್ ಇತ್ತರಿ. ಮೂವತ್ತು ವರ್ಷ ಸ್ಪೀಕರಿನ ಭೋಂಗಾದ ಬಾಜೂಕ ಕುಂತು ಕುಂತು ಎರಡೂ ಕಿವಿ ಹೋದುವು. ಈಗ ಬರೇ ಕುರ್ಚಿ, ಶಾಮಿಯಾನಾ ಬಾಡಿಗಿಗೆ ಕೊಡ್ತೇವಿ. ಬಾಯಿ ನೋಡಿ ಮಾತು ತಿಳ್ಕೋತಾರ್ರಿ. ಎಲ್ಲಾರದೂ ತಿಳಿಯಂಗಿಲ್ಲಂತ, ನೀವು ತಡದು ತಡದು ಮಾತಾಡ್ತೀರಲ್ಲರಿ, ಅದಕ್ಕ ನಿಮ್ಮದು ತಿಳಿತೈತಂತ. ನಿಮ್ಮ ಮಾತು ಮುಗೀತಂದ್ರ ಎದ್ದು ಬಂದು ಟೆಂಪೋದಾಗ ಕುಂತುಬಿಡ್ತಾರ.”

ನಾಲ್ಕು ತಾಲೂಕಿನ ಸಭೆಗಳಿಗೂ ಕುರ್ಚಿ ಇವರದೇ ಎಂದಾಯಿತು. ಬಸವಣ್ಣೆಪ್ಪ ಫೋಟೋ ತೆಗೆದದ್ದು ಹಾರ ಹಾಕುವಾಗ, ಅಜ್ಜಾರು ಬಂದು ಕೂರುವ ಮೊದಲು, ಆಮೇಲೆ ಅವನು ಜೀಪಿಗೆ ಮರಳಿದ್ದ ಎಂಬುದೂ ಹೊಳೆಯಿತು. ನಗು ಬಂತು. ನಗುತ್ತಲೇ ಬಾಯಿ ಅಗಲಿಸಿ ಕೇಳಿದೆ: “ಅಜ್ಜಾರ, ನಾ ಏನ ಹೇಳ್ತೇನಿ, ಹೇಳ್ರಿ ನೋಡೋಣ?”

ಕಿವಿ ಹೋದವರ ಎತ್ತರದ ದನಿಯಲ್ಲಿ ಅವರೆಂದರು: “ಹೆದರಬ್ಯಾಡ. ಯಾರೂ ಏನೂ ಮಾಡಂಗಿಲ್ಲ. ಹೆದರಬ್ಯಾಡ. ಪೈಲೆ ಇದನ್ನ ಹೇಳ್ತೀರಿ. ಆಮ್ಯಾಲ ಹುಳದ್ದು.”

ನನ್ನ ನಗು ಅಲ್ಲೇ ನಿಂತಿತು. ಮೈಕಿನ ಮುಂದೆ ನಿಂತಾಗಲೆಲ್ಲ ನಾನು ನನಗೇ ಹೇಳಿಕೊಳ್ಳುತ್ತಿದ್ದ ಮಾತು ಅದು. ದನಿಯಿಲ್ಲದ ಮಾತು. ಹೆಂಡತಿಗೂ ತಿಳಿಸದ ಮಾತು. ಆಗ ನನ್ನ ತುಟಿ ಅಲುಗುತ್ತದೆಂಬುದು ನನಗೇ ಗೊತ್ತಿರಲಿಲ್ಲ.

“ಕಿವಿ ಹೋದಮ್ಯಾಲ ಭಾಳ ಅಂಜಿಕಿ ಬರ್ತಿತ್ತರಿ,” ಎಂದರು ಅವರು. “ಹಿಂದ ಯಾರ ಬಂದ್ರೂ ತಿಳಿಯಂಗಿಲ್ಲ. ಮಂದಿ ನಡುವ ನಿಂತ್ರೂ ಬಾವ್ಯಾಗ ನಿಂತಂಗ. ಹುಲಗೂರಾಗ ನೀವು ಅಷ್ಟು ಮಂದಿ ಬಿಟ್ಟು ನನ್ನ ನೋಡಿ ಹೆದರಬ್ಯಾಡ ಅಂದ್ರಿ. ಅದೊಂದ ಮಾತು ಕೇಳಾಕ ಬರ್ತೇನಿ.” ಆಮೇಲೆ, “ಹಿರೇಕೆರೂರಾಗ ನೀವ ಅರ್ಧಕ್ಕ ಬಿಟ್ಟು ಓಡಿಹೋದ್ರಿ. ಯಾರಿಗೆ ಅಂಜಿದ್ರಿ?” ಎಂದು ಕೇಳಿದರು.

ನಿಮಗೇ ಎನ್ನಲು ನನ್ನ ತುಟಿಗೆ ಧೈರ್ಯ ಬರಲಿಲ್ಲ.

ಸಭೆ ಸೇರಿತು. ಅವರು ಬಂದು ಮುಂದೆ ಕುಳಿತರು. ಭಯ ಹೋಗಿತ್ತೆಂದರೆ ಸುಳ್ಳಾಗುತ್ತದೆ. ಆದರೆ ಮೊದಲ ಬಾರಿಗೆ, ಮಾತನ್ನು ತಲುಪಿಸಬೇಕಾದ ಒಂದು ವಿಳಾಸ ನನಗೆ ಸಿಕ್ಕಿತ್ತು. ಹುಳುವಿನ ಭಾಗ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನುಗಳು ನಿಧಾನವಾಗಿ ನಿಂತವು, ಮೈಕು ಸತ್ತಿತು. ಹಿಂದೆ ಜನ ಏಳತೊಡಗಿದರು. ಅಜ್ಜಾರಿಗೆ ಇದೇನೂ ತಿಳಿಯಲಿಲ್ಲ. ನನ್ನ ಬಾಯಿ ನೋಡುತ್ತ, ಮುಂದೇನು ಎಂಬಂತೆ ತಲೆದೂಗಿದರು. ನನಗೆ ನಿಲ್ಲಿಸಲಾಗಲಿಲ್ಲ. ನನ್ನ ಬರಿಯ ದನಿ ಎರಡನೆಯ ಸಾಲಿಗೂ ಮುಟ್ಟುತ್ತಿರಲಿಲ್ಲವೇನೋ.

ನನ್ನ ಕಣ್ಣು ಹಿಂದಕ್ಕೆ ಹೊರಳಿದ್ದನ್ನು ಕಂಡು ಅವರೂ ಹೊರಳಿ ನೋಡಿದರು. ಎದ್ದು ನಿಂತು, ಇಡೀ ಭವನ ಮೊಳಗುವಂತೆ ಕೂಗಿದರು: “ಕುಂಡ್ರಿ ಎಲ್ಲಾರೂ! ಸಾಹೇಬ್ರು ಮಾತಾಡಾಕತ್ತಾರ, ಕೇಳಂಗಿಲ್ಲೇನ ನಿಮಗ?”

ಎದ್ದವರು ಕುಳಿತರು. ಹೊರಗೆ ಹೋದವರು ಬಾಗಿಲಲ್ಲಿ ನಿಂತರು. ಗಾಳಿಯಿಲ್ಲದ ಆ ಭವನದಲ್ಲಿ ಅಷ್ಟೂ ಜನ, ಒಂದು ಪಿಸುಮಾತಿಲ್ಲದೆ, ನನ್ನ ಬಾಯಿಯನ್ನೇ ನೋಡತೊಡಗಿದರು. ಬೆನ್ನಿನಲ್ಲಿ ಮತ್ತೆ ಆ ತಣ್ಣೀರು ಇಳಿಯಿತು. ಇಳಿಯಲಿ ಎಂದುಕೊಂಡು, ಮೈಕನ್ನು ಬದಿಗೆ ಸರಿಸಿದೆ.

“ಗಾಳಿಗೆ ಮಾರಿ ಕೊಟ್ಟು ಎಣ್ಣಿ ಹೊಡೀಬ್ಯಾಡ್ರಿ,” ಎಂದು ಸುರುಮಾಡಿದೆ.