ಎರಡು ತಟ್ಟಿದರೆ ನಿಲ್ಲು

ಲಾರಿಯನ್ನು ಹಿಂದಕ್ಕೆ ತೆಗೆಯುವುದನ್ನು ನನಗೆ ಕಲಿಸಿದ್ದು ಗುಬ್ಬಿಯ ನಮ್ಮ ಸೋದರಮಾವ. ಅವನೂ ಡ್ರೈವರ್. ಹಿಂದೆ ನಿಂತು ಲಾರಿಯ ಬಾಡಿಯನ್ನು ಅಂಗೈಯಿಂದ ತಟ್ಟುತ್ತಿದ್ದ. ಒಂದು ತಟ್ಟಿದರೆ ಬಾ, ಎರಡು ತಟ್ಟಿದರೆ ನಿಲ್ಲು.

ತುಮಕೂರಿನಲ್ಲಿ ಹೆವಿ ಲೈಸೆನ್ಸ್ ಟೆಸ್ಟಿನ ದಿನ ರಿವರ್ಸ್ ಗೇರ್ ಹಾಕಿದವನು, ಅದೇ ಅಭ್ಯಾಸದಲ್ಲಿ ಸದ್ದಿಗೆ ಕಾಯುತ್ತಾ ಕೂತುಬಿಟ್ಟೆ.

"ಏನಪ್ಪಾ, ಯಾಕ್ ನಿಂತ್ಬಿಟ್ಟೆ?" ಹಿಂದೆ ನಿಂತಿದ್ದ ಇನ್‌ಸ್ಪೆಕ್ಟರ್ ಕೂಗಿದರು.

"ತಟ್ಟಿ ಸಾರ್, ಬರ್ತೀನಿ!"

ಟೆಸ್ಟಿಗೆ ಬಂದಿದ್ದವರೆಲ್ಲ ಗೊಳ್ಳೆಂದು ನಕ್ಕರು. ನನಗೆ ರೇಗಿಹೋಯಿತು. ಯಾರ ಸದ್ದೂ ಬೇಡವೆಂದು, ಎರಡೂ ಕನ್ನಡಿ ನೋಡಿಕೊಂಡು, ನೆಟ್ಟಿದ್ದ ಗೂಟಗಳ ನಡುವೆ ಒಂದೇ ಸಲಕ್ಕೆ ಲಾರಿ ಸೇರಿಸಿದೆ. ಕೊನೆಯ ಗೂಟಕ್ಕೆ ಗೇಣು ದೂರವಿದ್ದಾಗ ಬ್ರೇಕ್ ಒತ್ತಿದೆ.

ಆಗ ಹಿಂದಿನಿಂದ ಬಾಡಿಯನ್ನು ಎರಡು ಸಲ ತಟ್ಟಿದ ಸದ್ದಾಯಿತು. ಕನ್ನಡಿಯಲ್ಲಿ ನೋಡಿದೆ. ತಟ್ಟಿದವರು ಇನ್‌ಸ್ಪೆಕ್ಟರ್.