ಗುಂಡಿನ ಸರ

ದೊಡ್ಡತಾಯಮ್ಮನದು ಜೋರು ಬಾಯಿ. ಕೆ.ಆರ್. ಪೇಟೆಯ ತನ್ನ ಬೀದಿಯಲ್ಲಿ ನಲ್ಲಿಯ ಸಾಲು ತಪ್ಪಿಸಿದವರ ಏಳು ತಲೆಮಾರನ್ನೂ ಜಾಲಾಡಿ ಒಣಹಾಕುತ್ತಿದ್ದಳು. ಅಂಥ ಬಾಯಿಯಿಂದ ಒಂದೇ ಒಂದು ಮಾತು ನಲವತ್ತೊಂದು ವರ್ಷ ಹೊರಬೀಳಲಿಲ್ಲ. ಹೇಳಲೇಬೇಕಾಗಿದ್ದ ದಿನವೂ ಬೀಳಲಿಲ್ಲ.

ಅವಳ ಗಂಡ ಮೌನೇಶಾಚಾರಿ ಒಂದು ಕಾಲಕ್ಕೆ ಹೆಸರಾದ ಅಕ್ಕಸಾಲಿ. ಗುಂಡಿನ ಸರ ಬೇಕೆಂದರೆ ಸುತ್ತಿನ ಹಳ್ಳಿಯವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ತೆಳು ತಗಡನ್ನು ಅಚ್ಚಿನಲ್ಲಿಟ್ಟು ಬಡಿದು, ಎರಡು ಅರ್ಧಗಳನ್ನು ಬೆಸೆದರೆ ಒಂದು ಗುಂಡು. ಅವನ ಅಪ್ಪನ ಕಾಲದ ಅಚ್ಚಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಅದರಿಂದ ಬಂದ ಪ್ರತಿ ಗುಂಡಿನ ಮೇಲೂ ಸಣ್ಣ ಗೆರೆ ಏಳುತ್ತಿತ್ತು. ಚಿನ್ನದ ಗುಂಡಾದರೆ ಆ ಗೆರೆಯನ್ನು ಅರದಿಂದ ಉಜ್ಜಿ ತೆಗೆಯುತ್ತಿದ್ದ. ಗಿರಾಕಿಗಳಿಗೆ ತೋರಿಸಲೆಂದು ತಾಮ್ರದಲ್ಲಿ ಬಡಿದು ಗಿಲೀಟು ಹಾಕಿಟ್ಟ ಮಾದರಿ ಗುಂಡುಗಳೂ ಒಂದು ಡಬ್ಬಿಯಲ್ಲಿದ್ದವು. ತಾಮ್ರಕ್ಕೆ ಯಾರು ಅಷ್ಟು ಮೈಮುರಿಯುತ್ತಾರೆ? ಅವುಗಳ ಗೆರೆ ಹಾಗೇ ಇತ್ತು.

ಸಿಂಧಘಟ್ಟದ ಬೀರಯ್ಯ ಮಗಳು ಚಿಕ್ಕಬೋರಮ್ಮನ ಮದುವೆಗೆಂದು ಅವನ ಹತ್ತಿರ ಸರ ಮಾಡಿಸಿದ. ಸರ ಮುಗಿಸಿ ಪೆಟ್ಟಿಗೆಯಲ್ಲಿಟ್ಟು ಮೌನೇಶಾಚಾರಿ ಬೇರೊಂದು ಕೆಲಸಕ್ಕೆ ಮೇಲುಕೋಟೆಗೆ ಹೋದ. ಅವನು ಅತ್ತ ಹೋದ ಮಾರನೆಯ ದಿನವೇ ಮೂರು ವರ್ಷದ ಮಗ ಕುಮಾರನಿಗೆ ಜ್ವರ ಏರಿ ಉಸಿರು ಕಟ್ಟತೊಡಗಿತು. ಕೂಡಲೇ ಮೈಸೂರಿಗೆ ಕರಕೊಂಡು ಹೋಗಿ ಎಂದರು ಡಾಕ್ಟರು. ಕೈಯಲ್ಲಿ ಬಸ್ ಚಾರ್ಜಿಗೂ ಗತಿಯಿಲ್ಲದ ದೊಡ್ಡತಾಯಮ್ಮ ಪೆಟ್ಟಿಗೆ ತೆರೆದಳು. ಸರದ ದಾರ ಬಿಚ್ಚಿ, ಎಂಟು ಚಿನ್ನದ ಗುಂಡು ತೆಗೆದು, ಆ ಜಾಗಕ್ಕೆ ಎಂಟು ಗಿಲೀಟಿನ ಗುಂಡು ಪೋಣಿಸಿದಳು. ಚಿನ್ನ ಮಾರಿ ಮಗುವನ್ನೆತ್ತಿಕೊಂಡು ಮೈಸೂರಿಗೆ ಓಡಿದಳು. ಗಂಡ ಬಂದ ಮೇಲೆ ಹೇಳಿದರೆ ಹೇಗಾದರೂ ಸರಿಮಾಡುತ್ತಾನೆ ಎಂಬ ಧೈರ್ಯವಿತ್ತು.

ಮೂರನೆಯ ದಿನ ಮಗುವಿನ ಹೆಣ ಮಡಿಲಲ್ಲಿಟ್ಟುಕೊಂಡು ವಾಪಸು ಬಂದಳು. ಗಂಡನೂ ಓಡಿ ಬಂದ. ಅಳುವುದಕ್ಕಲ್ಲದೆ ಬೇರೆ ಯಾವುದಕ್ಕೂ ಅವಳಿಗೆ ಬಾಯಿರಲಿಲ್ಲ. ಅಷ್ಟರಲ್ಲಿ ಬೀರಯ್ಯನ ಮನೆಯ ಮದುವೆ ಹತ್ತಿರ ಬಂದಿತ್ತು. ಸೂತಕದ ಮನೆಗೆ ಕಾಲಿಡಬಾರದೆಂದು ಅವನು ಪಕ್ಕದ ಮನೆಯವರ ಕೈಯಲ್ಲಿ ಸರ ತರಿಸಿಕೊಂಡು ಹೋದ. ಸರವಿದ್ದ ಬಟ್ಟೆಯ ಗಂಟನ್ನು ಮೌನೇಶಾಚಾರಿ ಬಿಚ್ಚಿಯೂ ನೋಡಲಿಲ್ಲ.

ವರ್ಷ ತುಂಬುವುದರೊಳಗೆ ಎಂಟು ಗುಂಡು ಕಪ್ಪಿಟ್ಟವು. ಬೀರಯ್ಯ ಪಂಚಾಯ್ತಿ ಸೇರಿಸಿದ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು ಅಂದು ಊರಿಗೆ ಊರೇ ಮೌನೇಶಾಚಾರಿಯ ಮುಖಕ್ಕೆ ಎಸೆಯಿತು.

"ಒಂದ್ಸಲ ಕೈಗೆ ಕೊಡಿ ಗೌಡ್ರೆ, ನೋಡ್ತೀನಿ" ಎಂದು ಅವನು ಕೈಮುಗಿದ.

"ನಿನ್ನ ಕೈಗೆ ಕೊಟ್ರೆ ಉಳಿದಿರೋವೂ ತಾಮ್ರ ಆಗೋಯ್ತವೆ. ಏಳ್ಲಾ ಮ್ಯಾಕೆ" ಎಂದ ಬೀರಯ್ಯ.

ಅಂದಿನಿಂದ ಅವನ ಕೈಗೆ ಯಾರೂ ಒಂದು ಮೂಗುಬೊಟ್ಟನ್ನೂ ಕೊಡಲಿಲ್ಲ. ಕಸುಬಿನ ಸಾಮಾನೆಲ್ಲ ಗೋಣಿಗೆ ತುಂಬಿ ಅಟ್ಟಕ್ಕೆ ಹಾಕಿದ. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಲೋಡು ಇಳಿಸಿದ. ಬೆನ್ನು ಹೋದ ಮೇಲೆ ಸಂತೆಯಲ್ಲಿ ಕೂತು ಕೊಡೆ, ಸ್ಟೌ ರಿಪೇರಿ ಮಾಡಿದ. ದಿನಾ ಸಂಜೆ ಕಾಲು ತೊಳೆಯುವಾಗ ಅವನದೊಂದು ಮಂತ್ರ.

"ಆ ಬೀರಯ್ಯನೇ ಗುಂಡು ಬದ್ಲಾಯಿಸವ್ನೆ ಕಣೆ. ಅವನ ಮನೆ ಆಳಾಗೋಗ್ಲಿ."

ಚೊಂಬು ಹಿಡಿದು ನಿಂತ ದೊಡ್ಡತಾಯಮ್ಮ "ಊಂ" ಎನ್ನುತ್ತಿದ್ದಳು. ಮೊದಮೊದಲು ಆ ಊಂ ತಡವಾಗಿ ಬರುತ್ತಿತ್ತು. ಬರಬರುತ್ತಾ ಸಲೀಸಾಯಿತು. ಮನುಷ್ಯರಿಗೆ ಎಲ್ಲವೂ ರೂಢಿಯಾಗುತ್ತದೆ, ಅದೇ ದೊಡ್ಡ ಕೇಡು.

ಹೋದ ವರ್ಷ ಪಾಂಡವಪುರದ ಕಡೆಯಿಂದ ವೀಣ ಎಂಬ ಹುಡುಗಿ ಬಂದಳು. ವಯಸ್ಸಾದವರ ಬಹುಕಾಲದ ಆಸೆ ಕೇಳಿ ನೆರವೇರಿಸುವ ಸಂಸ್ಥೆಯವಳು. ಹಿಂದಿನ ಬೀದಿಯ ಮುದ್ದಯ್ಯನನ್ನು ಅವರೇ ವಿಮಾನ ಹತ್ತಿಸಿದ್ದು. ಇಳಿದು ಬಂದಾಗಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ತಾತ, ನಿಮಗೆ ಉಳ್ಕೊಂಡಿರೋ ಆಸೆ ಏನು?" ಎಂದು ವೀಣ ಕೇಳಿದಳು.

ಎಂಬತ್ತರ ಮೌನೇಶಾಚಾರಿ ಯೋಚಿಸಲೇ ಇಲ್ಲ. "ಸಿಂಧಘಟ್ಟದ ಆ ಸರನ ಒಂದ್ಸಲ ನನ್ನ ಕೈಗೆ ಕೊಡ್ಸವ್ವ. ನಾಕು ಜನದ ಮುಂದೆ ನೋಡ್ಬೇಕು. ನಾನು ಮಾಡಿದ್ದು ಯಾವ್ದು, ಮಾಡ್ದೆ ಇರೋದು ಯಾವ್ದು ಅಂತ ನನ್ನ ಕೈಗೆ ಗೊತ್ತಾಯ್ತದೆ. ಕಳ್ಳ ಅನ್ನೋ ಎಸ್ರು ಒತ್ಕೊಂಡು ಸಾಯಕ್ಕಿಲ್ಲ."

ದೊಡ್ಡತಾಯಮ್ಮ ನಡುವೆ ಬಾಯಿ ಹಾಕಿದಳು. "ಅದ್ಯಾಕೆ ಈಗ? ತಿರುಪತಿ ಅನ್ನಿ. ನಾನೂ ಬತ್ತೀನಿ."

"ತಿಮ್ಮಪ್ಪ ಎಲ್ಲೂ ಓಗಲ್ಲ ಕಣೆ. ಓಗೋನು ನಾನು."

ಬೀರಯ್ಯ ಸತ್ತು ಇಪ್ಪತ್ತು ವರ್ಷವಾಗಿತ್ತು. ಗಂಡ ತೀರಿದ ಮೇಲೆ ತವರಿಗೇ ಬಂದಿದ್ದ ಚಿಕ್ಕಬೋರಮ್ಮನ ಟ್ರಂಕಿನಲ್ಲಿ ಸರ ಹಾಗೇ ಇತ್ತು. ಇನ್ನೊಬ್ಬ ಅಕ್ಕಸಾಲಿಯ ಕೈಗೆ ಕೊಡಕೂಡದು ಎಂದು ಅಪ್ಪ ಆಣೆ ಹಾಕಿಸಿದ್ದನಂತೆ. ವೀಣ ಹೋಗಿ ಕೇಳಿದಾಗ ಅವಳು, "ಸಾಯೋ ಮುದುಕ ಕೇಳ್ತಾವ್ನೆ, ನೋಡ್ಕೊಳ್ಲಿ ಬುಡವ್ವ" ಎಂದಳು.

ಸಿಂಧಘಟ್ಟಕ್ಕೆ ಹೋಗುವುದಕ್ಕೆ ನಾಲ್ಕು ದಿನ ಉಳಿದಿತ್ತು. ದೊಡ್ಡತಾಯಮ್ಮ ಮೂರು ಸಲ ಬಾಯಿ ತೆರೆದಳು. ಮೂರು ಸಲವೂ ಅವನ ಮುಖ ನೋಡಿ ಮುಚ್ಚಿದಳು. ಮುದುಕ ಕ್ಷೌರ ಮಾಡಿಸಿಕೊಂಡ, ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿದ, ಬೀದಿಯವರಿಗೆಲ್ಲ ಹೇಳಿಕೊಂಡು ಬಂದ. ಕಣ್ಣಿನ ಪೊರೆ ದಪ್ಪಗಾಗಿದೆ, ಏನೂ ಕಾಣಿಸಲಾರದು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಕಳ್ಳ ಮನಸ್ಸಿಗೆ ಹುಲ್ಲುಕಡ್ಡಿಯೂ ಆಸರೆಯೇ.

ಚಿಕ್ಕಬೋರಮ್ಮನ ಜಗಲಿಯಲ್ಲಿ ಹತ್ತು ಜನ ಸೇರಿದ್ದರು. ವೀಣ ಮೊಬೈಲು ಹಿಡಿದು ವಿಡಿಯೋ ಮಾಡುತ್ತಿದ್ದಳು. ಮೌನೇಶಾಚಾರಿ ಸರವನ್ನು ಕಣ್ಣಿಗೆ ಒತ್ತಿಕೊಂಡ. ಆಮೇಲೆ ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರನ್ನು ಒಂದೊಂದೇ ಗುಂಡಿನ ಮೇಲೆ ಎಳೆಯುತ್ತಾ ಹೋದ. ಚಿನ್ನದ ಗುಂಡಿನ ಮೇಲೆ ಉಗುರು ಜಾರಿತು. ಕಪ್ಪಿಟ್ಟ ಮೊದಲ ಗುಂಡಿನ ಮೇಲೆ ನಿಂತಿತು. ಇನ್ನೊಂದು, ಮತ್ತೊಂದು. ಎಂಟನ್ನೂ ಸವರಿದ. ಎಂಟರಲ್ಲೂ ಅಪ್ಪನ ಅಚ್ಚಿನ ಗೆರೆಯಿತ್ತು.

ಬೀರಯ್ಯನಿಗೆ ಆ ಗುಂಡು ಎಲ್ಲಿಂದ ಬರಬೇಕು? ಮಾದರಿ ಗುಂಡಿನ ಆ ಡಬ್ಬಿ ಮುಟ್ಟುತ್ತಿದ್ದವರು ಲೋಕದಲ್ಲಿ ಇಬ್ಬರೇ.

ಅವನು ಕಣ್ಣು ತೆರೆದು ಹೆಂಡತಿಯನ್ನು ನೋಡಿದ. ಒಂದೇ ಸಲ. ದೊಡ್ಡತಾಯಮ್ಮ ಆಗಲಾದರೂ ಹೇಳಬಹುದಿತ್ತು. ಸೆರಗು ಸರಿಮಾಡಿಕೊಂಡು ನೆಲ ನೋಡಿದಳು.

"ಏನ್ ತಾತ, ಗೊತ್ತಾಯ್ತಾ?" ಎಂದಳು ವೀಣ.

"ಗೊತ್ತಾಯ್ತು ಕಣವ್ವ." ಸರವನ್ನು ಚಿಕ್ಕಬೋರಮ್ಮನ ಕೈಗಿಟ್ಟು, ತನಗಿಂತ ಇಪ್ಪತ್ತು ವರ್ಷ ಚಿಕ್ಕವಳ ಕಾಲಿಗೆ ಬಗ್ಗಿದ. "ನಾನೇ ಕದ್ದಿದ್ದು ತಾಯಿ. ನಿಮ್ಮಪ್ಪನ್ನ ಸುಮ್ಸುಮ್ನೆ ಬಯ್ದೆ. ಒಟ್ಟೆಗಾಕ್ಕೊಳ್ಳಿ."

ಮನೆಗೆ ಬಂದ ಮೇಲೆ ಅವಳು ನೀರು ತಂದಳು. ಅವನು ಮುಟ್ಟಲಿಲ್ಲ, ಗೋಡೆ ಹಿಡಿದುಕೊಂಡು ಹೋಗಿ ನಲ್ಲಿಯಿಂದ ತಾನೇ ಹಿಡಿದು ಕುಡಿದ.

"ಮಗೀಗೋಸ್ಕರ ಮಾಡ್ದೆ" ಎಂದಳು. ನಲವತ್ತೊಂದು ವರ್ಷದ ಮೇಲೆ ಹೊರಬಿದ್ದ ಮಾತು ಅಷ್ಟೇ.

"ಕದ್ದಿದ್ದಕ್ಕಲ್ಲ ಕಣೆ. ಯೋಳಿದ್ರೆ ನಾನೇ ಕದ್ದು ಕೊಡ್ತಿದ್ದೆ. ದಿನಾ ಅವನ ಮನೆ ಆಳಾಗ್ಲಿ ಅಂತ ಶಾಪ ಆಕ್ತಿದ್ನಲ್ಲ, ಪಕ್ಕದಲ್ಲಿ ನಿಂತ್ಕಂಡು ಊಂ ಅಂತಿದ್ದೆ ನೀನು."

ಆಮೇಲೆ ಅವನು ಬದುಕಿದ್ದು ಹತ್ತೊಂಬತ್ತು ದಿನ. ಅವಳ ಕೈಯಿಂದ ಒಂದು ತುತ್ತೂ ತಿನ್ನಲಿಲ್ಲ. ಪಕ್ಕದ ಮನೆಯ ಮಾರಮ್ಮ ಗಂಜಿ ಕುಡಿಸುತ್ತಿದ್ದಳು. ಕೊನೆಗೆ ದೊಡ್ಡತಾಯಮ್ಮ ಬಾಯಿಗೆ ಬಿಟ್ಟ ನೀರೂ ಒಳಗೆ ಹೋಗದೆ ಕೆನ್ನೆಯ ಮೇಲೆ ಹರಿಯಿತು. ಸಾಯುವವರಿಗೆಲ್ಲ ಹಾಗೇ ಆಗುತ್ತದೆ ಎಂದಳು ಮಾರಮ್ಮ. ದೊಡ್ಡತಾಯಮ್ಮ ನಂಬಲಿಲ್ಲ.

ತಿಥಿ ಕಳೆದ ಮೇಲೆ ವೀಣ ಬಂದಳು. ತಾತನ ವಿಡಿಯೋವನ್ನು ಸಾವಿರಾರು ಜನ ನೋಡಿದ್ದಾರೆ, ಈ ವಯಸ್ಸಿನಲ್ಲಿ ತಪ್ಪು ಒಪ್ಪಿಕೊಂಡ ದೊಡ್ಡ ಮನುಷ್ಯ ಎಂದು ಹೊಗಳಿದ್ದಾರೆ ಎಂದು ತೋರಿಸಿದಳು. "ನಿಮ್ಮ ಆಸೆ ಏನಜ್ಜಿ?" ಎಂದೂ ಕೇಳಿದಳು. ದೊಡ್ಡತಾಯಮ್ಮ ಏನೂ ಇಲ್ಲವೆಂದು ಅವಳನ್ನು ಕಳಿಸಿ, ಮರುದಿನ ಬೆಳಿಗ್ಗೆ ಒಬ್ಬಳೇ ಸಿಂಧಘಟ್ಟದ ಬಸ್ಸು ಹತ್ತಿದಳು.

ಚಿಕ್ಕಬೋರಮ್ಮನ ಮುಂದೆ ಎಲ್ಲವನ್ನೂ ಹೇಳಿದಳು. ಪೆಟ್ಟಿಗೆ, ದಾರ, ಗಿಲೀಟಿನ ಗುಂಡು, ಮೈಸೂರಿನ ಆಸ್ಪತ್ರೆ, ಒಂದನ್ನೂ ಬಿಡಲಿಲ್ಲ. "ಕಳ್ಳಿ ನಾನು ಕಣವ್ವ. ಅವ್ರಲ್ಲ. ನಿಮ್ಮೂರ್ಗೆಲ್ಲ ಯೋಳು, ನಿನ್ ದಮ್ಮಯ್ಯ" ಎಂದು ಸೆರಗೊಡ್ಡಿದಳು.

ಚಿಕ್ಕಬೋರಮ್ಮ ಪೂರಾ ಕೇಳಿಸಿಕೊಂಡಳು. ಅವಳ ಕಣ್ಣಲ್ಲೂ ನೀರು ಬಂತು.

"ಬುಡಕ್ಕ, ಸತ್ತೋನ ಮ್ಯಾಲಿರೋ ಕಳಂಕನ ನಿನ್ನ ತಲೆ ಮ್ಯಾಲೆ ಎಳ್ಕೊಳ್ಳಕ್ಕೆ ಬಂದಿದ್ದೀಯ. ನಂಗೆ ಗೊತ್ತಾಗಾಕಿಲ್ವಾ? ನನ್ನ ಕಾಲಿಡ್ಕೊಂಡು ಅವ್ನೇ ಒಪ್ಕೊಂಡ್ನಲ್ಲ." ಅವಳು ದೊಡ್ಡತಾಯಮ್ಮನ ಕೈ ಹಿಡಿದುಕೊಂಡಳು. "ಕಳ್ಳನಾದ್ರೂ ಅವ್ನು ಪುಣ್ಯ ಮಾಡಿದ್ದ ಕಣಕ್ಕ, ನಿನ್ನಂತಾ ಎಂಡ್ತಿ ಸಿಕ್ಕಿದ್ಲು."

ಒಳಗೆ ಹೋಗಿ ಕಾಫಿ ತಂದುಕೊಟ್ಟಳು. ದೊಡ್ಡತಾಯಮ್ಮ ಲೋಟ ಹಿಡಿದುಕೊಂಡು, ಮೌನೇಶಾಚಾರಿ ಬಗ್ಗಿದ್ದ ಆ ಜಗಲಿಯ ಮೇಲೆಯೇ ಮಧ್ಯಾಹ್ನದ ಬಸ್ಸು ಬರುವವರೆಗೆ ಕೂತಿದ್ದಳು.