ಗುಳಿಗೆ ಕೊಟ್ಟೆ, ಎಳನೀರು ಬಿಟ್ಟೆ

1979ರ ಬೇಸಿಗೆಯಲ್ಲಿ ನಾನು ನ್ಯಾಮತಿ ಹತ್ತಿರದ ಒಂದು ಆರೋಗ್ಯ ಘಟಕದಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ಜನ ಕರೆಯುತ್ತಿದ್ದುದು ಕಾಂಪೌಂಡರ್ ಎಂದೇ. ಆ ವರ್ಷ ನನ್ನ ತಂಗಿ ಗಿರಿಜಾ ಜಗಳೂರಿನ ಗಂಡನ ಮನೆಯಿಂದ ಹೆರಿಗೆಗೆ ತ್ಯಾವಣಿಗೆಗೆ, ನಮ್ಮವ್ವನ ಮನೆಗೆ ಬಂದಿದ್ದಳು.

ಒಂದು ಭಾನುವಾರ ಅವಳನ್ನು ನೋಡಲು ಹೋದೆ. ಹೆರಿಗೆಯಾಗಿ ಹದಿನೆಂಟು ದಿನವಾಗಿತ್ತು. ಮೈಗೆಲ್ಲ ಎಣ್ಣೆ ಅರಿಸಿನ ತಿಕ್ಕಿಸಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು, ಹೆಣ್ಣು ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡಿದ್ದಳು. ನಾನು ತಂದ ಗುಳಿಗೆ ಪೊಟ್ಟಣ ನೋಡಿ, "ಅನ್ನಕ್ಕಿಂತ ನಿನ್ನ ಗುಳಿಗೇನೇ ಜಾಸ್ತಿ ಆತಲ್ಲೋ ಅಣ್ಣ. ಒಂದಿಷ್ಟು ಉಪ್ಪು ಖಾರನಾದ್ರೂ ಹಚ್ಚಿ ತರಬಾರದಾ?" ಎಂದಳು. ಅವ್ವನೂ ನಕ್ಕಳು. ನಮ್ಮ ಮನೆಯ ಕೊನೆಯ ಮಾಮೂಲು ದಿನ ಅದು.

ಗಿರಿಜಾಳಿಗೆ ಚಿಕ್ಕಂದಿನಲ್ಲಿ ಕೀಲುವಾತದ ಜ್ವರ ಬಂದು ಹೃದಯದ ಒಂದು ಕವಾಟ ಕೆಟ್ಟಿತ್ತು. ಹೆರಿಗೆಯ ನಂತರ ಕಾಲು ಊದಿ ಉಬ್ಬಸ ಹೆಚ್ಚಾದಾಗ ದಾವಣಗೆರೆಯ ಡಾಕ್ಟರು ಎರಡು ಗುಳಿಗೆ ಬರೆದಿದ್ದರು. ಒಂದು ಡಿಜಾಕ್ಸಿನ್. ಅದು ಹೃದಯದ ಬಡಿತಕ್ಕೆ ಬಲ ಕೊಡುತ್ತದೆ. ವಾರದಲ್ಲಿ ಐದು ದಿನ ಮಾತ್ರ, ಶನಿವಾರ ಭಾನುವಾರ ಬಿಡಬೇಕು. ಇನ್ನೊಂದು ಮೂತ್ರ ಹೆಚ್ಚಿಸಿ ಊತ ಇಳಿಸುವ ಗುಳಿಗೆ. ಇದು ನೀರಿನ ಜೊತೆ ಮೈಯೊಳಗಿನ ಪೊಟ್ಯಾಸಿಯಂ ಎಂಬ ಲವಣವನ್ನೂ ಹೊರಹಾಕುವುದರಿಂದ ದಿನಾಲೂ ಎಳನೀರು, ಬಾಳೆಹಣ್ಣು ಕೊಡಬೇಕೆಂದು ಚೀಟಿಯ ಕೆಳಗೆ ಬರೆದಿದ್ದರು.

ಅವ್ವ ಅದಕ್ಕೆ ಒಪ್ಪಲಿಲ್ಲ. "ಬಾಣಂತಿಗೆ ಎಳನೀರು ಕೊಡಾಕೆ ಆಗ್ತೈತೇನೋ? ಶೀತ ಆಗಿ ಕೂಸಿಗೂ ತಗಲ್ತೈತೆ. ನಿಮ್ಮ ಡಾಕ್ಟ್ರು ಎಷ್ಟು ಬಾಣಂತನ ಮಾಡ್ಯಾರಂತೆ?" ಎಂದಿದ್ದಳು. ನಾನು ವಾದಿಸಲಿಲ್ಲ. ಬಾಣಂತನ ಮುಗಿದ ಮೇಲೆ ಕೊಟ್ಟರಾಯಿತು ಎಂದೆ. ಗುಳಿಗೆ ಮಾತ್ರ ಒಂದೂ ತಪ್ಪಬಾರದು ಎಂದು ಕಟ್ಟುನಿಟ್ಟು ಮಾಡಿದೆ. ಎಳನೀರಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಮಿಕ್ಸ್ಚರನ್ನು, ಅಂದರೆ ಆ ಲವಣ ಕರಗಿಸಿದ ಕುಡಿಯುವ ಔಷಧವನ್ನು, ನಾನೇ ಕಲೆಸಿ ತರಬಹುದಿತ್ತು. ಚೀಟಿಯಲ್ಲಿ ಎಳನೀರು ಎಂದಿದ್ದರಿಂದ ಅದೂ ಔಷಧವೇ ಎಂದು ನನಗೆ ಹೊಳೆಯಲೇ ಇಲ್ಲ.

ಮಂಗಳವಾರ ಸಂಜೆ, ಗಿರಿಜಾ ವಾಂತಿ ಮಾಡುತ್ತಿದ್ದಾಳೆ ಎಂದು ಅವ್ವ ಹೇಳಿ ಕಳಿಸಿದಳು. ಬುಧವಾರ ಬೆಳಗ್ಗೆ ಹೋದಾಗ ಸುಸ್ತಾಗಿ ಮಲಗಿದ್ದಳು. ಕೂಸಿನ ಬಿಳಿ ಕುಲಾವಿ ತೋರಿಸಿ, "ಇದು ಹಳದಿ ಕಾಣ್ತೈತಣ್ಣ. ಗೋಡೆನೂ ಹಂಗೇ" ಎಂದಳು. ಇಂಥ ಮಾತು ಕೇಳಿದರೆ ನಮ್ಮ ಕಡೆ ಎರಡನೇ ಯೋಚನೆ ಮಾಡುವವರಿಲ್ಲ. ಅವ್ವ ಆಗಲೇ ಕಾಮಾಲೆ ಎಂದು ತೀರ್ಮಾನಿಸಿದ್ದಳು. ಮೈ ನೋಡಿ ಹೇಳೋಣವೆಂದರೆ ಅರಿಸಿನದಿಂದ ಅದು ಮೊದಲೇ ಹಳದಿ. ಕಣ್ಣಿನ ರೆಪ್ಪೆ ಎತ್ತಿ ನೋಡಿದೆ. ಕಣ್ಣು ಬಿಳಿಯಾಗಿಯೇ ಇತ್ತು. ಈಗಿನ್ನೂ ಶುರು, ಆಮೇಲೆ ಕಣ್ಣಿಗೆ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಸಂತೇಬೆನ್ನೂರಿನಲ್ಲಿ ಕಾಮಾಲೆಗೆ ಸೊಪ್ಪಿನ ರಸ ಕೊಡುವ ಹಿರಿಯರೊಬ್ಬರಿದ್ದರು. ಮೂರು ಬೆಳಗ್ಗೆ ಕುಡಿಸಬೇಕೆಂದರು. ನಾನು ಅದನ್ನು ತಂದು, ರಜೆ ಹಾಕಿ ಉಳಿದು ಕುಡಿಸತೊಡಗಿದೆ. ಅದರ ಜೊತೆಗೆ ಎರಡೂ ಗುಳಿಗೆಗಳನ್ನು ನನ್ನ ಕೈಯಾರೆ ಕೊಟ್ಟೆ. ಗುರುವಾರ ಡಿಜಾಕ್ಸಿನ್ ನುಂಗಿದ ಅರ್ಧ ಗಂಟೆಗೆ ವಾಂತಿಯಾಯಿತು. ವ್ಯರ್ಥವಾಯಿತಲ್ಲ ಎಂದು ಇನ್ನೊಂದು ಕೊಟ್ಟೆ. ಬೇಡ ಎಂದಳು. ಗದರಿಸಿ ನುಂಗಿಸಿದೆ.

ಶುಕ್ರವಾರ ಬೆಳಗ್ಗೆ ಅವಳ ನಾಡಿ ಹಿಡಿದು ನೋಡಿದೆ. ಒಂದು ಬಡಿತ, ಅದರ ಬೆನ್ನಿಗೇ ಇನ್ನೊಂದು, ಆಮೇಲೆ ಒಂದು ದೊಡ್ಡ ಬಿಡುವು. ಊರಿನವರೊಬ್ಬರ ಕಾರು ಹಿಡಿದು ಚನ್ನಗಿರಿಗೆ ಹೊರಟೆವು.

ಅಲ್ಲಿ ನೋಡಿದವರು ಚಿಕ್ಕ ವಯಸ್ಸಿನ ಡಾಕ್ಟರು. ನಾನು ಕಾಮಾಲೆಯ ಕಥೆ ಹೇಳುತ್ತಿರುವಾಗಲೇ ಅವಳ ಕಣ್ಣು ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು, ಯಾವ ಗುಳಿಗೆ ಎಂದು ಕೇಳಿದರು. ಹೇಳಿದೆ.

"ನೀವು ಫಾರ್ಮಸಿಸ್ಟ್ ಅಂತೀರಿ. ಇವರಿಗೆ ಹಳದಿ ಕಾಣೋದು ಡಿಜಾಕ್ಸಿನ್ ವಿಷ ಏರಿರೋದಕ್ಕೆ ಕಣ್ರೀ. ಎಳನೀರು ಕೊಟ್ಟಿದ್ರಾ?"

ಇಲ್ಲ ಎಂದೆ.

ಗುಳಿಗೆ ನಿಲ್ಲಿಸಿದರು. ಪೊಟ್ಯಾಸಿಯಂ ಸೇರಿಸಿದ ಡ್ರಿಪ್ಪನ್ನು ನಿಧಾನವಾಗಿ ಹಾಕಿದರು. ಅದಕ್ಕೂ ಮೊದಲು ರಕ್ತ ತೆಗೆದು, ಪೊಟ್ಯಾಸಿಯಂ ಅಳೆಯಲು ಬಸ್ಸಿನಲ್ಲಿ ಆಳು ಕೊಟ್ಟು ದಾವಣಗೆರೆಗೆ ಕಳಿಸಿದರು. ತಾಲ್ಲೂಕಿನಲ್ಲಿ ಆಗ ಆ ಪರೀಕ್ಷೆ ಇರಲಿಲ್ಲ. ಮಧ್ಯಾಹ್ನ ಗಿರಿಜಾ ಒಮ್ಮೆ ಕಣ್ಣು ಬಿಟ್ಟು, "ಕೂಸು ಹಾಲು ಕುಡೀತಾ?" ಎಂದಳು. ಕುಡಿಯಿತು ಎಂದೆ. ಮೂರು ಗಂಟೆಯ ಸುಮಾರಿಗೆ ಅವಳ ಹೃದಯ ನಿಂತಿತು.

ಮುಂದೆ ಹೊನ್ನಾಳಿಯಲ್ಲಿದ್ದಾಗ ಒಂದು ತರಬೇತಿಯಲ್ಲಿ ಇದರ ಒಳಮರ್ಮ ತಿಳಿಯಿತು. ಹೃದಯದ ಪ್ರತಿ ಜೀವಕೋಶದ ಸುತ್ತ ಕೊಬ್ಬಿನ ಅಂಶದ ತೆಳು ಪೊರೆ ಇದೆ. ಸೋಡಿಯಂ ಹೊರಗೆ ತಳ್ಳಿ ಪೊಟ್ಯಾಸಿಯಂ ಒಳಗೆ ಎಳೆಯುವ ಪಂಪುಗಳು ಆ ಪೊರೆಯಲ್ಲೇ ನಾಟಿಕೊಂಡಿವೆ. ಸುತ್ತಲಿನ ಕೊಬ್ಬು ಸರಿಯಿದ್ದರೆ ಮಾತ್ರ ಅವು ಸರಿಯಾಗಿ ನಡೆಯುತ್ತವೆ. ಡಿಜಾಕ್ಸಿನ್ ಹಿಡಿದುಕೊಳ್ಳುವುದು ಈ ಪಂಪನ್ನೇ. ರಕ್ತದಲ್ಲಿ ಪೊಟ್ಯಾಸಿಯಂ ಸಾಕಷ್ಟಿದ್ದರೆ ಹಿಡಿತ ಸಡಿಲ, ಕಡಿಮೆಯಾದರೆ ಬಿಗಿ. ಹಿಡಿತ ಬಿಗಿಯಾದರೆ ಮಾಮೂಲು ಗುಳಿಗೆಯೇ ವಿಷವಾಗಿ ಹೃದಯದ ಬಡಿತ ತಾಳ ತಪ್ಪುತ್ತದೆ. ಈಚೆಗೆ ಇನ್ನೊಂದು ಸಂಗತಿ ಓದಿದೆ. ಪೊಟ್ಯಾಸಿಯಂ ತೀರಾ ಇಳಿದಾಗ ಜೀವಕೋಶ ತನ್ನ ಪೊರೆಯನ್ನು ಚೂರುಚೂರಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ, ಲವಣಗಳು ದಾಟುವ ಕೆಲವು ದಾರಿಗಳೂ ಅದರೊಂದಿಗೆ ಒಳಗೆ ಹೋಗಿಬಿಡುತ್ತವೆ. ಓದಿ ಪುಸ್ತಕ ಮುಚ್ಚಿಟ್ಟೆ. ಅವತ್ತು ಮತ್ತೆ ತೆಗೆಯಲಿಲ್ಲ.

ಆಮೇಲಿನ ಸರ್ವಿಸಿನಲ್ಲಿ ಚೀಟಿಯ ಕೊನೆಯ ಸಾಲನ್ನೂ ಓದಿ ಹೇಳದೆ ಯಾರಿಗೂ ಔಷಧ ಕೊಟ್ಟಿಲ್ಲ. ವಾಂತಿಯಾಯಿತು ಎಂದವರಿಗೆ ಇನ್ನೊಂದು ಗುಳಿಗೆ ಕೊಡುವ ಮೊದಲು ನಾಡಿ ನೋಡಿದ್ದೇನೆ. ಕೆಲಸ ನನಗೆ ಕಲಿಸಿದ್ದು ಇಷ್ಟು. ಗಿರಿಜಾಳ ಮಗಳು ಜಗಳೂರಿನಲ್ಲಿ ತಂದೆಯ ಹತ್ತಿರ ಬೆಳೆದಳು. ಅವಳ ತಾಯಿಗೆ ಏನಾಯಿತೆಂದು ಅವಳಿಗೆ ಎಲ್ಲವನ್ನೂ ಹೇಳಿದ್ದೇನೆ, ಗದರಿಸಿದ್ದನ್ನೂ.

ದಾವಣಗೆರೆಗೆ ಹೋದ ರಕ್ತ ಬಸ್ಸಿನ ಕುಲುಕಾಟಕ್ಕೆ ಕೆಟ್ಟು, ಕೆಂಪು ಕಣಗಳು ಒಡೆದುಹೋಗಿದ್ದವು. ಅಂಥ ರಕ್ತದಲ್ಲಿ ಪೊಟ್ಯಾಸಿಯಂ ಅಳೆದರೆ ಲೆಕ್ಕ ತಪ್ಪುತ್ತದೆಂದು ಪರೀಕ್ಷೆ ಮಾಡದೆ ಹಿಂದಕ್ಕೆ ಕಳಿಸಿದರು. ಗಿರಿಜಾಳ ಮೈಯಲ್ಲಿ ಅವತ್ತು ಎಷ್ಟು ಪೊಟ್ಯಾಸಿಯಂ ಉಳಿದಿತ್ತು ಎಂಬುದು ಇಂದಿಗೂ ನನಗೆ ಗೊತ್ತಿಲ್ಲ.